ಮೊದಲು ಬಿಸಿ, ಆಮೇಲೆ ಬಿರುಕು

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳಲ್ಲಿ ನಾನು ಮೂರು ಊರಿನ ಮಕ್ಕಳಿಗೆ ಪಿಯುಸಿ ಕೆಮಿಸ್ಟ್ರಿ ಟ್ಯೂಷನ್ ಹೇಳುತ್ತಿದ್ದೆ. ಬೆಳಿಗ್ಗೆ ಕೊಪ್ಪದಲ್ಲಿ ಟೈಲರ್ ಅಂಗಡಿಯ ಮೇಲಿನ ಕೋಣೆ, ಮಧ್ಯಾಹ್ನದ ಮೇಲೆ ಶೃಂಗೇರಿ, ಭಾನುವಾರ ನರಸಿಂಹರಾಜಪುರ. ಕೂತು ಉಂಡ ನೆನಪಿಲ್ಲ; ಒಂದು ಕಾಲು ಸದಾ ಬಸ್ಸಿನ ಮೆಟ್ಟಿಲ ಮೇಲೆ. ಕೋಣೆ ಸಿಕ್ಕಿದ್ದೂ ಚೌಕಾಸಿಯಲ್ಲೇ, ಟೈಲರನ ಅಳಿಯನಿಗೆ ಇಂಗ್ಲಿಷ್ ಕಲಿಸುತ್ತೇನೆಂದು ಒಪ್ಪಿ.

ಪಾಠವನ್ನೂ ಚೌಕಾಸಿಯ ಹಾಗೆಯೇ ಹೇಳುತ್ತಿದ್ದೆ. ಆವರ್ತ ಕೋಷ್ಟಕ ಎಂದರೆ ಸಂತೆ. ಎಡಗಡೆ ಕೂತವರು ಕೇಳಿದ್ದೇ ತಡ ಎಲೆಕ್ಟ್ರಾನ್ ಬಿಟ್ಟುಕೊಡುತ್ತಾರೆ. ಬಲಕ್ಕೆ ಹೋದಷ್ಟೂ ಹಿಡಿತ ಬಿಗಿ. ಬಲತುದಿಯ ಕಂಬಸಾಲಿನವರು ಸಂತೆಯ ಗೊಡವೆಗೇ ಬರುವುದಿಲ್ಲ. ಬಿಡುವವನೂ ಎಳೆಯುವವನೂ ಎದುರಾದರೆ ಅಯಾನಿಕ ಬಂಧ. ಬಿಡದ ಇಬ್ಬರು ಎದುರಾದರೆ ಪಾಲುಗಾರಿಕೆ, ಅದು ಕೋವೇಲೆಂಟ್. ಈಗಲೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ: ಬಾಯಿಪಾಠ ಬೇಡ, ಯಾರು ಬಿಡುತ್ತಾರೆ, ಯಾರು ಎಳೆಯುತ್ತಾರೆ, ಅಷ್ಟು ನೋಡಿಕೊಳ್ಳಿ.

ಈ ಉಪಾಯ ನಡೆಯದೆ ಹೋದದ್ದು ಶೃಂಗೇರಿ ದಾರಿಯ ಮೆಣಸೆ ಎಂಬ ಹಳ್ಳಿಯ ಒಬ್ಬ ಹುಡುಗಿಯ ಹತ್ತಿರ. ಕೆಮಿಸ್ಟ್ರಿ ಒಂದರಲ್ಲೇ ಫೇಲಾಗಿದ್ದಳು. ಜೂನಿನ ಸಪ್ಲಿಮೆಂಟರಿಯಲ್ಲಿ ಪಾಸಾದರೆ ಶಿವಮೊಗ್ಗದಲ್ಲಿ ಬಿ.ಎಸ್ಸಿ., ಇಲ್ಲವಾದರೆ ಓದು ಅಲ್ಲಿಗೇ ಸಾಕು ಎಂದು ಅಪ್ಪ ಹೇಳಿಯಾಗಿತ್ತು. ಬುದ್ಧಿವಂತೆಯೇ. ಆದರೆ ಶಕ್ತಿಯ ಬದಲಾವಣೆಯ ಪಾಠಕ್ಕೆ ಬಂದರೆ, ‘ಬಂಧ ಒಡೆದಾಗ ಶಾಖ ಹೊರಬರುತ್ತದೆ’ ಎಂದು ಬರೆಯುತ್ತಿದ್ದಳು. ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರೆ ತಲೆಯಾಡಿಸಿ, ಮರುದಿನ ಅದನ್ನೇ ಬರೆಯುವಳು. ಆ ಒಂದು ವಾಕ್ಯದಿಂದ ಅಧ್ಯಾಯದ ಲೆಕ್ಕಗಳೆಲ್ಲ ತಲೆಕೆಳಗು.

ಪರೀಕ್ಷೆಗೆ ವಾರವಿದೆ ಎನ್ನುವಾಗ ಕ್ಲಾಸಿಗೆ ಬರುವುದನ್ನೇ ನಿಲ್ಲಿಸಿದಳು. ನನಗೆ ತಡೆಯಲಾಗಲಿಲ್ಲ. ಶೃಂಗೇರಿ ಬಸ್ಸಿನಿಂದ ಮೆಣಸೆಯಲ್ಲಿಯೇ ಇಳಿದೆ.

ತೋಟದ ಬದಿಯಲ್ಲಿ ಅವಳು ಪ್ಲಾಸ್ಟಿಕ್ ಡ್ರಮ್ಮಿನ ಮುಂದೆ ನಿಂತಿದ್ದಳು. ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆರೋಗ ತಗುಲದಂತೆ ಮೈಲುತುತ್ತದ ನೀಲಿ ನೀರಿಗೆ ಸುಣ್ಣದ ನೀರು ಕೂಡಿಸಿ ಹೊಡೆಯುತ್ತಾರಲ್ಲ, ಆ ಔಷಧಿ. ಆ ಮನೆಯಲ್ಲಿ ಅದನ್ನು ಕೂಡಿಸುವ ಕೆಲಸ ಅವಳದು. ಅವಳ ಅಪ್ಪನಿಗೆ ನನ್ನ ಬರವು ಹಿತವಾಗಲಿಲ್ಲ. ಔಷಧಿ ಹೊಡೆಯುವವರು ಇವತ್ತು ತಪ್ಪಿದರೆ ಕಮ್ಮರಡಿಯ ತೋಟಗಳಿಗೆ ಹೋಗುತ್ತಾರೆ, ಮತ್ತೆ ಕೈಗೆ ಸಿಗುವುದಿಲ್ಲ ಎಂದರು.

ನಾನು ಚೌಕಾಸಿಗೆ ಇಳಿದೆ. ಇವತ್ತು ಅವಳು ಕೂಡಿಸಲಿ, ನಾನು ಇಲ್ಲೇ ಪಾಠ ಹೇಳುತ್ತೇನೆ. ನಾಳೆಯಿಂದ ಪರೀಕ್ಷೆಯವರೆಗೆ ಅವಳನ್ನು ಬಿಟ್ಟುಬಿಡಿ. ಅವರು ಜಗ್ಗಲಿಲ್ಲ.

“ಕೂಸು ಪಾಸಾಗಿ ಹೋದ್ರೆ ಮುಂದಿನ ವರ್ಷ ಕೂಡ್ಸೋರು ಯಾರು?”

“ನಾನೇ ಬರ್ತೇನೆ,” ಎಂದುಬಿಟ್ಟೆ.

“ನೀವಾ? ಪ್ಯಾಂಟೆಲ್ಲ ನೀಲಿ ಆಗ್ತದೆ ಮಾರಾಯ್ರೆ.” ನಕ್ಕರು, ಆದರೆ ಒಪ್ಪಿದರು.

ಅವಳು ಬಕೆಟ್ಟಿನ ನೀರಿಗೆ ಸುಟ್ಟ ಸುಣ್ಣದ ಕಲ್ಲುಗಳನ್ನು ಸುರಿದಳು. ಸ್ವಲ್ಪ ಹೊತ್ತಿಗೆ ಕೊತಕೊತ ಸದ್ದು, ಆವಿ, ಕಲ್ಲುಗಳು ಬಿರಿದು ಹಿಟ್ಟಾದವು.

“ನೋಡಿ ಸಾರ್, ಕಲ್ಲು ಒಡೀತದೆ, ನೀರು ಕುದೀತದೆ. ಒಡೆದ್ರೆ ಅಲ್ದಾ ಬಿಸಿ ಬರೋದು?”

ತಪ್ಪಿನ ಬೇರು ಅಲ್ಲಿತ್ತು. ಚಿಕ್ಕಂದಿನಿಂದ ಪ್ರತಿ ವರ್ಷ ಕಣ್ಣಾರೆ ಕಂಡದ್ದನ್ನು ನನ್ನ ಕೆಂಪು ಶಾಯಿ ಹೇಗೆ ಅಳಿಸೀತು? ಒಂದು ಒಣಕಲ್ಲನ್ನು ಕತ್ತಿಯ ಹಿಂಬದಿಯಿಂದ ಜಜ್ಜಿ, ಮುಟ್ಟಿ ನೋಡೆಂದೆ. ತಣ್ಣಗಿತ್ತು. ಇನ್ನೊಂದನ್ನು ಕರಟದಲ್ಲಿಟ್ಟು ಒಂದಿಷ್ಟು ನೀರು ಚಿಮುಕಿಸಿ, ದೂರ ನಿಂತು ಇದನ್ನೇ ನೋಡುತ್ತಿರು, ಬೇರೆ ಕಡೆ ನೋಡಬೇಡ ಎಂದೆ. ಕಲ್ಲು ನೀರು ಕುಡಿದು ಸುಮ್ಮನೆ ಕೂತಿತ್ತು. ನಾನು ಗಡಿಯಾರ ನೋಡಿದೆ, ರಸ್ತೆಯ ಕಡೆ ಕಿವಿಗೊಟ್ಟೆ. ಬಸ್ಸು ತಪ್ಪಿದರೆ ಶೃಂಗೇರಿಯ ಮಕ್ಕಳು ಎದ್ದು ಹೋಗುತ್ತಾರೆ. ಕೊನೆಗೂ ಸಣ್ಣಗೆ ಆವಿ ಎದ್ದಿತು. ಅದಾದ ಮೇಲೆ ಕಲ್ಲಿನ ಮೈಯಲ್ಲಿ ಒಂದು ಗೆರೆ ಮೂಡಿತು.

“ಮೊದಲು ಬಿಸಿ,” ಅಂದಳು ತನ್ನಷ್ಟಕ್ಕೆ. “ಆಮೇಲೆ ಬಿರುಕು.”

ಕಲ್ಲು ಪುಡಿಯಾಗುವುದೂ ಬಂಧ ಒಡೆಯುವುದೂ ಒಂದೇ ಅಲ್ಲವೆಂದು ಮರುದಿನ ಕ್ಲಾಸಿನಲ್ಲಿ ವಿವರಿಸಿದೆ. ಡ್ರಮ್ಮಿನ ಹತ್ತಿರ ಹೇಳಿದ್ದು ಇಷ್ಟೇ: ಬಂಧ ಒಡೆಯಬೇಕಾದರೆ ನಾವು ಶಕ್ತಿ ಹಾಕಬೇಕು, ಹೊಸದಾಗಿ ಕೂಡಿದಾಗ ಶಕ್ತಿ ಬರುತ್ತದೆ. ಸುಣ್ಣವೂ ನೀರೂ ಕೂಡಿದಾಗ ಬಂದದ್ದು ಹಾಕಿದ್ದಕ್ಕಿಂತ ಹೆಚ್ಚು. ಆ ಹೆಚ್ಚಿನದೇ ನೀರು ಕುದಿಸಿತು, ಕಲ್ಲನ್ನೂ ಸೀಳಿತು. ಅವಳು ಬರೆದುಕೊಳ್ಳಲಿಲ್ಲ. ಕೋಲು ತೆಗೆದುಕೊಂಡು ಸುಣ್ಣದ ನೀರು ತಿರುವತೊಡಗಿದಳು.

ಪರೀಕ್ಷೆಯ ದಿನ ಕೊಪ್ಪದ ಕ್ಲಾಸು ಬಿಟ್ಟು ಶೃಂಗೇರಿಯಲ್ಲಿ ಕಾಲೇಜಿನ ಗೇಟಿನ ಹೊರಗೆ ನಿಂತಿದ್ದೆ. ಕೂರಲು ಕಟ್ಟೆ ಇತ್ತು, ಕೂರಲಾಗಲಿಲ್ಲ. ಹೊರಗೆ ಬಂದವಳು ಬಂಧ, ಶಾಖದ ಆ ಪ್ರಶ್ನೆ ಬಂದಿತ್ತು ಎಂದಳು. ಎಂತ ಬರೆದೆ ಎಂದರೆ, “ಕರಟದಲ್ಲಿ ಕಂಡದ್ದು ಸಾರ್,” ಎಂದು ಬಸ್ಸಿಗೆ ಓಡಿದಳು. ಫಲಿತಾಂಶ ಬರುವವರೆಗೆ ನಾನು ಮೂರು ಊರಲ್ಲೂ ಪೇಪರ್ ಅಂಗಡಿಯವರ ತಲೆ ತಿಂದೆ.

ಪಾಸಾದಳು. ಶಿವಮೊಗ್ಗಕ್ಕೆ ಹೋದಳು.

ಮುಂದಿನ ಬೇಸಿಗೆ ಮುಗಿಯುವಾಗ ಟೈಲರ್ ಅಂಗಡಿಗೆ ಫೋನು ಬಂತು. ಅವಳ ಅಪ್ಪ. ಕುಶಲ ಕೇಳಲಿಲ್ಲ, ನಾಳೆ ಔಷಧಿ ಹೊಡೆಯುವವರು ಬರುತ್ತಾರೆ, ಹಳೆ ಪ್ಯಾಂಟು ತನ್ನಿ ಎಂದರು ಅಷ್ಟೆ. ಮಾತು ಕೊಡುವ ಮೊದಲು ಎದುರಿನವರ ನೆನಪಿನ ಶಕ್ತಿ ಎಷ್ಟೆಂದು ವಿಚಾರಿಸಿಕೊಳ್ಳಿ. ಇದು ನನ್ನ ಖರ್ಚಿನಲ್ಲಿ ಸಿಕ್ಕ ಬುದ್ಧಿ.

ಹೋದೆ. ಒಂದು ಡ್ರಮ್ ಕೂಡಿಸಿ ಮುಗಿಸುವಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಕೈ ತೊಳೆಯಲು ಹೊರಟೆ.

“ಇನ್ನೂ ಎರಡು ಡ್ರಮ್ ಇದೆ ಸಾರ್,” ಎಂದರು ಅವರು, ಬಕೆಟ್ಟಿಗೆ ನೀರು ಹೊಯ್ಯುತ್ತ.

ಬಸ್ಸು ಹೋಯಿತು. ನಾನು ಸುಣ್ಣದ ಕಲ್ಲು ಎತ್ತಿಕೊಂಡೆ.