ಕುರ್ಚಿಯಿಂದ ಚಾಪೆಗೆ

ನಮ್ಮ ಬದುಕಿನ ಅರ್ಧ ವ್ಯವಹಾರ ನೆಲದ ಮೇಲೆಯೇ ನಡೆಯುತ್ತದೆಂಬ ಮಹಾಸತ್ಯ ನನಗೆ ಹೊಳೆದದ್ದು ನೆಲಕ್ಕೆ ಇಳಿಯುವ ಸಾಮರ್ಥ್ಯ ಕಳೆದುಕೊಂಡ ಮೇಲೆ. ಕೈಜಾರಿ ಬಿದ್ದ ಪೆನ್ನು, ಮಂಚದಡಿ ಸೇರಿದ ಚಪ್ಪಲಿ, ಬೆಳಗಿನ ಶೌಚ, ಎಲ್ಲವೂ ಮಂಡಿ ಮಡಚಬಲ್ಲವರಿಗೆ ಮೀಸಲು. ನೀವು ಈ ಸಾಲುಗಳನ್ನು ಚಕ್ಕಳಮಕ್ಕಳ ಹಾಕಿಕೊಂಡು ಓದುತ್ತಿದ್ದರೆ ನಿಮ್ಮ ಸೌಭಾಗ್ಯ ನಿಮಗೇ ಗೊತ್ತಿಲ್ಲ.

ಮಧುಗಿರಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿಕೊಂಡು ತಣ್ಣಗಿರಬೇಕಾದ ನಾನು, ಐವತ್ತರ ಹೊಸ್ತಿಲಲ್ಲಿ, ಶಿಕ್ಷಕರ ಕ್ರೀಡಾಕೂಟದ ಕಬಡ್ಡಿ ಅಂಕಣಕ್ಕೆ ಇಳಿದೆ. ಶಿರಾದ ಗಣಿತದ ಮೇಷ್ಟ್ರೊಬ್ಬರು ನನ್ನ ಕಾಲು ಹಿಡಿದರು. ದೇಹ ಒಂದು ದಿಕ್ಕಿಗೆ ಹೋಯಿತು, ಮಂಡಿ ಇನ್ನೊಂದು ದಿಕ್ಕಿಗೆ. ತುಮಕೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಹರಿದ ಲಿಗಮೆಂಟಿನ ಜಾಗಕ್ಕೆ ತೊಡೆಯ ಹಿಂಭಾಗದಿಂದ ಎಳೆ ತೆಗೆದು ಹೊಸದನ್ನು ಕಟ್ಟಿದ ವೈದ್ಯರು, ಅದು ಬಲಿಯುವ ತನಕ ಕೆಲವು ತಿಂಗಳು ನೆಲದ ಮೇಲೆ ಕೂರಕೂಡದೆಂದು ಅಪ್ಪಣೆ ಕೊಡಿಸಿದರು.

ಬೇರೆ ಕಾಲದಲ್ಲಾಗಿದ್ದರೆ ಈ ಅಪ್ಪಣೆ ತಮಾಷೆಯ ಸಂಗತಿ. ಆದರೆ ಅದೇ ದಿನಗಳಲ್ಲಿ ನಮ್ಮವ್ವ ಹಾಸಿಗೆ ಹಿಡಿದಳು, ಮತ್ತು ಅವಳ ಹಾಸಿಗೆ ನೆಲದ ಮೇಲಿತ್ತು. ಮಂಚದ ಮೇಲೆ ಪ್ರಾಣ ಹೋಗಬಾರದು, ಭೂಮಿಗೆ ಮೈ ತಾಗಿಯೇ ಹೋಗಬೇಕೆಂಬುದು ಅವಳ ಹಟ. ತವರೂರು ಕೊಳಾಲದಲ್ಲಿ ಅವಳ ತಾಯಿ ಮಂಚದಲ್ಲೇ ತೀರಿಕೊಂಡದ್ದನ್ನು ಊರವರು ವರ್ಷಗಟ್ಟಲೆ ಆಡಿಕೊಂಡಿದ್ದರು. ಇನ್ನು ಹೆಚ್ಚು ದಿನವಿಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿದ್ದು ಅವಳಿಗೂ ಗೊತ್ತಿತ್ತು. ಅವಳ ಧ್ವನಿ ಕುಗ್ಗಿ ಪಿಸುಮಾತಾಗಿತ್ತು. ಪಟ್ಟಿ ಬಿಗಿದ ಕಾಲನ್ನು ಚಾಚಿ ಕುರ್ಚಿಯಲ್ಲಿ ಕೂತ ನನಗೆ, ಎಷ್ಟು ಬಾಗಿದರೂ, ಅವಳ ತುಟಿ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಚಾಪೆಯ ಪಕ್ಕ ಕೂತ ನನ್ನ ಹೆಂಡತಿ ಕೇಳಿಸಿಕೊಂಡು ನನಗೆ ಹೇಳುತ್ತಿದ್ದಳು. ಹೆತ್ತ ತಾಯಿಯೊಡನೆ ದುಭಾಷಿಯ ಮೂಲಕ ಸಂಭಾಷಣೆ! ಅವ್ವ ಅಷ್ಟು ಹೊತ್ತು ಏನೋ ಹೇಳಿದರೆ ಇವಳಿಂದ ಬರುತ್ತಿದ್ದದ್ದು ಊಟ ಆಯ್ತಾ ಅಂತಾರೆ ಎಂಬುದೊಂದೇ. ಅವಳು ಹೋಗುವುದರೊಳಗೆ ಒಮ್ಮೆ ಪಕ್ಕದಲ್ಲಿ ಕೂತು ಮಾತಾಡಬೇಕು ಎನ್ನುವುದಷ್ಟೇ ನನಗೆ ಬೇಕಿತ್ತು.

ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ಪಾವಗಡದ ಹುಡುಗಿಗೆ ನನ್ನದು ಒಂದೇ ಪ್ರಶ್ನೆ, ನೆಲಕ್ಕೆ ಯಾವಾಗ ಎಂದು. ಅವಳು ನನ್ನ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಇಂಚಿಂಚೇ ಹಿಂದಕ್ಕೆ ಎಳೆಸುತ್ತ, ನೋವಿಗೆ ಕಣ್ಣೀರು ಬಂದಾಗ ತೆಲುಗಿನಲ್ಲಿ ಪುಸಲಾಯಿಸುತ್ತ, ಅವಸರ ಮಾಡಿದರೆ ಕಟ್ಟಿದ್ದು ಕಿತ್ತುಹೋಗುತ್ತದೆ ಎನ್ನುತ್ತಿದ್ದಳು. ನನಗೋ ಮಂಡಿಗಿಂತ ಅವ್ವನ ಆಯುಷ್ಯದ ಚಿಂತೆ. ಒಂದು ಮಧ್ಯಾಹ್ನ ಹೆಂಡತಿ ಅಂಗಡಿಗೆ ಹೋದಾಗ, ಗೋಡೆ ಹಿಡಿದು ಇಳಿಯತೊಡಗಿದೆ. ಅರ್ಧಕ್ಕೇ ಕೈ ಜಾರಿ ಚಾಪೆಯ ಅಂಚಿಗೆ ಬಿದ್ದು, ಏಳಲಾಗದೆ ಅಲ್ಲೇ ನರಳುತ್ತ ಮಲಗಿದೆ. ಆಗ, ಎಷ್ಟೋ ದಿನಗಳ ಮೇಲೆ, ಅವ್ವನ ದನಿ ನೇರವಾಗಿ ಕಿವಿಗೆ ಬಿತ್ತು.

“ನಿನ್ ಕೈಲಿ ಇಳಿಯಕ್ಕಾಗಲ್ಲ ಬುಡು. ನನ್ನೇ ಮಂಚದ ಮ್ಯಾಲೆ ಮಲಗುಸ್ಲಾ.”

ಬೇಡವೆಂದೆ. ಅವಳು ಕೇಳಲಿಲ್ಲ. ಅಂಗಡಿಯಿಂದ ಬಂದ ಹೆಂಡತಿ ಪಕ್ಕದ ಮನೆಯವರನ್ನು ಕರೆದು, ನನ್ನನ್ನು ಕುರ್ಚಿಗೂ ಅವ್ವನನ್ನು ಮಂಚಕ್ಕೂ ಎತ್ತಿಸಿದಳು. ಮಂಚಕ್ಕೆ ಬಂದ ಮೇಲೆ ನಾವೇನೂ ಘನವಾದದ್ದನ್ನು ಮಾತಾಡಲಿಲ್ಲ. ಕಡಲೆಕಾಯಿ ಕೀಳುವಾಗಿನ ಹರಟೆ, ಅಪ್ಪನ ಮುಂಗೋಪ, ಸೊಸೆಯ ಸಾರಿಗೆ ಉಪ್ಪು ಸಾಲದೆಂಬ ದೂರು. ದುಭಾಷಿ ಏನನ್ನು ನುಂಗಿಕೊಂಡಿದ್ದಳೆಂದು ಆಗ ತಿಳಿಯಿತು. ಆ ದಿನಗಳಲ್ಲಿ ನಾನು ಸುಖವಾಗಿದ್ದೆ.

ಒಂದು ಬೆಳಿಗ್ಗೆ ಅವಳ ಉಸಿರು ಏರುಪೇರಾಯಿತು. ಕೂಡಲೇ ಇಳಿಸಬೇಕಿತ್ತು. ಕೈಯಲ್ಲಿ ಬಲವಿತ್ತು, ಮಂಡಿಯಲ್ಲಿರಲಿಲ್ಲ. ಹೆಂಡತಿಯನ್ನು ಕೂಗಿದೆ, ಅವಳು ಪಕ್ಕದ ಮನೆಯವರನ್ನು ಕೂಗಿದಳು. ಅವರೆಲ್ಲ ಬಂದು ಎತ್ತಿ ನೆಲಕ್ಕೆ ಮಲಗಿಸುವಷ್ಟರಲ್ಲಿ ಜೀವ ಹೋಗಿತ್ತು. ತಿಥಿಗೆ ಬಂದ ಕೊಳಾಲದ ನೆಂಟರು, ತಾಯಿಗಾದದ್ದೇ ಮಗಳಿಗೂ ಆಯಿತೆಂದು ನನ್ನ ಎದುರೇ ಆಡಿಕೊಂಡರು. ನಾನು ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡೆ.

ಈಗ ಮಂಡಿ ಪೂರ್ತಿ ಮಡಚುತ್ತದೆ. ಪಾವಗಡದ ಹುಡುಗಿ ಉಳಿದ ರೋಗಿಗಳಿಗೆ ನನ್ನನ್ನೇ ಉದಾಹರಣೆ ಕೊಡುತ್ತಾಳಂತೆ. ಅವ್ವ ಮಲಗುತ್ತಿದ್ದ ಜಾಗದಲ್ಲಿ, ನೆಲದ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಯಾರಿಗಾಗಿ ಇಳಿಯಬೇಕಿತ್ತೋ ಅವಳು ಈಗ ನೆಲದೊಳಗಿದ್ದಾಳೆ. ಅಷ್ಟು ಕೆಳಕ್ಕೆ ಇಳಿಯುವುದನ್ನು ನನಗೆ ಯಾರೂ ಕಲಿಸಿಕೊಟ್ಟಿಲ್ಲ.