ಮೈದಾನದಲ್ಲಿ ಮಲಗಿದ ಮಗಳು

ಮಗಳಿಗೆ ಮೂರು ತಿಂಗಳು ತುಂಬುವ ಮೊದಲೇ ಅವಳನ್ನು ಎತ್ತಿಕೊಂಡು ಕಬಡ್ಡಿ ನೋಡಲು ಹೋಗಿದ್ದೆ. ನನ್ನ ಗಂಡ ಕಮಲಾಪುರದವರು. ಕಲಬುರಗಿಯ ಒಂದು ದಾಲ್‌ಮಿಲ್ಲಿನಲ್ಲಿ ಕೆಲಸ, ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ರವಿವಾರ ಬಂತೆಂದರೆ ಊರಿನ ತಂಡಕ್ಕೆ ಆಡಲು ಹೊರಟುಬಿಡುತ್ತಿದ್ದರು. ರೈಡಿಗೆ ಹೋದರೆ ಬರಿಗೈಯಲ್ಲಿ ಬರುವವರಲ್ಲ ಎಂಬ ಹೆಸರಿತ್ತು. ನಾನೂ ಮಗಳೂ ಬಸ್ಸು ಹಿಡಿದು ಹಿಂದೆಯೇ ಹೋಗುತ್ತಿದ್ದೆವು.

ಕಮಲಾಪುರದ ಮನೆಯಲ್ಲಿದ್ದ ಅತ್ತೆ, ಕೂಸನ್ನು ತನ್ನ ಹತ್ತಿರ ಬಿಟ್ಟು ಹೋಗು, ಅಂಥ ಗದ್ದಲಕ್ಕೆ ಒಯ್ಯಬೇಡ ಎನ್ನುತ್ತಿದ್ದರು. ಅಪ್ಪ ಆಡುವುದನ್ನು ಮಗಳು ನೋಡಲಿ ಎಂದು ನಾನು ನೆವ ಹೇಳುತ್ತಿದ್ದೆ. ನಿಜವಾಗಿ ನೋಡಬೇಕಾಗಿದ್ದುದು ನನಗೆ. ಮನೆಯಲ್ಲಿ ನಾಲ್ಕು ಮಾತಿಗಿಂತ ಹೆಚ್ಚು ಆಡದ ಆ ಮನುಷ್ಯ ಅಂಕಣಕ್ಕೆ ಇಳಿದರೆ ಬೇರೆಯವರೇ ಆಗುತ್ತಿದ್ದರು.

ಮೈದಾನದ ಹಿಂಬದಿಯಲ್ಲಿ ಒಂದು ಬೇವಿನ ಮರವಿತ್ತು. ಅದರ ನೆರಳಲ್ಲಿ ನಮ್ಮನ್ನು ಕೂಡಿಸಿ, ಅಲ್ಲಿಂದ ಏಳಬೇಡ ಎಂದು ಹೇಳಿ ಹೋಗುತ್ತಿದ್ದರು. ಅಲ್ಲಿ ಕೂತರೆ ಕಾಣುವುದು ಬರೀ ಜನರ ಬೆನ್ನು. ಆಟ ಶುರುವಾದದ್ದೇ ತಡ, ನಾನು ಎದ್ದು ಮುಂದೆ, ಸ್ಪೀಕರ್ ಕಟ್ಟಿದ ಕಂಬದ ಬುಡಕ್ಕೆ ಬಂದುಬಿಡುತ್ತಿದ್ದೆ. ಆ ಸದ್ದಿಗೆ ಅಂಜಿ ಹೆಚ್ಚು ಜನ ಅಲ್ಲಿ ಕೂಡುತ್ತಿರಲಿಲ್ಲ. ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದಳು. ಹಲಗೆ ಬಡಿದರೂ ಅಷ್ಟೇ, ಪಂಚರು ಸೀಟಿ ಊದಿದರೂ ಅಷ್ಟೇ. ಎಂಥ ಶಾಣ್ಯಾ ಕೂಸು ಎಂದು ಹೆಂಗಸರು ಹೊಗಳಿದರೆ ನನಗೆ ಹೆಮ್ಮೆ.

ಅವಳಿಗೆ ಎಂಟು ತಿಂಗಳಾದಾಗ ಊರಲ್ಲಿ ಒಂದು ಪಂದ್ಯಾವಳಿಯ ಫೈನಲ್ ನಡೆಯಿತು. ನಮ್ಮವರೇ ಗೆದ್ದರು. ಯಾರೋ ಹುಡುಗರು ಪಟಾಕಿಯ ಸರ ತಂದು ಕಂಬದ ಹತ್ತಿರವೇ ಹಚ್ಚಿದರು. ಸುತ್ತಲಿನ ಮಕ್ಕಳೆಲ್ಲ ಚೀರಿಕೊಂಡವು, ನಾನೂ ಕಿವಿ ಮುಚ್ಚಿಕೊಂಡೆ. ಮಗಳು ಕಣ್ಣು ಬಿಡಲಿಲ್ಲ. ಪಕ್ಕದಲ್ಲಿ ಮೊಮ್ಮಗನನ್ನು ಎದೆಗವಚಿಕೊಂಡಿದ್ದ ಮುದುಕಿಯೊಬ್ಬರು ಅವಳನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಮೊಣಕೈ ಮುಟ್ಟಿ ಮೆಲ್ಲಗೆ ಹೇಳಿದರು:

"ಯವ್ವಾ, ಸಿಟ್ಟಿಗಿ ಬರಬ್ಯಾಡ. ಈ ಕೂಸಿಗಿ ಒಮ್ಮಿ ಡಾಕ್ಟರಿಗಿ ತೋರ್ಸು."

ನನಗೆ ಸಿಟ್ಟೇ ಬಂತು. ಮಗಳನ್ನು ಎತ್ತಿಕೊಂಡು ಎದ್ದು ಬಂದೆ. ಗಂಡನಿಗೂ ಹೇಳಲಿಲ್ಲ. ಮರುದಿನ ಅವರು ಕೆಲಸಕ್ಕೆ ಹೋದ ಮೇಲೆ ಮಗಳನ್ನು ಚಾಪೆಯ ಮೇಲೆ ಕೂಡಿಸಿ, ಅವಳ ಬೆನ್ನ ಹಿಂದೆ ನಿಂತು ಸ್ಟೀಲಿನ ತಾಟು ಕೈಬಿಟ್ಟೆ. ಅವಳು ಚಾಪೆಯ ಎಳೆ ಕೀಳುತ್ತ ಕೂತಿದ್ದಳು. ಮತ್ತೆ ಎತ್ತಿ ಬಿಟ್ಟೆ. ಎಷ್ಟು ಸಲವೋ ನೆನಪಿಲ್ಲ. ಕೊನೆಗೆ ಬಾಜೂ ಮನೆಯವರು ಬಂದು ಏನಾಯಿತೆಂದು ಬಾಗಿಲು ಬಡಿದರು.

ಆ ರಾತ್ರಿ ಗಂಡನಿಗೆ ಹೇಳಿದೆ. ಕಲಬುರಗಿಯಲ್ಲೇ ಒಂದು ಆಸ್ಪತ್ರೆಗೆ ಹೋದೆವು. ನಿದ್ದೆ ಬರಿಸಿ, ತಲೆಗೆ ವೈರು ಅಂಟಿಸಿ ನೋಡಿದರು. ಇನ್ನೊಮ್ಮೆ ಕರೆದು ಸ್ಕ್ಯಾನ್ ಮಾಡಿಸಿದರು. ಎರಡೂ ಕಿವಿಯ ನರ ಹುಟ್ಟಿನಿಂದಲೇ ಬೆಳೆದಿಲ್ಲ, ಕಿವಿಗೆ ಮಶೀನು ಹಾಕಿದರೂ ಆಪರೇಷನ್ ಮಾಡಿದರೂ ಮಾತು ಕೇಳುವುದು ಕಷ್ಟ ಎಂದರು ಡಾಕ್ಟರು. ಗಂಡ ಕೇಳಿದರು:

"ಸಣ್ಣಾಕಿ ಇದ್ದಾಗಿಂದ ಮ್ಯಾಚಿಗಿ ಒಯ್ದೀವ್ರಿ ಸಾಹೇಬ್ರ. ಅದರಿಂದ ಏನರೆ ಆಗ್ಯಾದೇನ್ರಿ?"

ಇಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರು. ಆದರೂ ಅಷ್ಟು ಸಣ್ಣ ಮಕ್ಕಳನ್ನು ಅಂಥ ಸದ್ದಿನಲ್ಲಿ ಕೂಡಿಸಬಾರದು ಎಂದೂ ಸೇರಿಸಿದರು. ಗಂಡ ಆ ಕೊನೆಯ ಮಾತನ್ನಷ್ಟೇ ಮನೆಗೆ ತಂದರು. ಮುಂದಿನ ರವಿವಾರ ಆಡಲು ಹೋಗಲಿಲ್ಲ. ತಂಡದವರು ಎರಡು ಸಲ ಮನೆತನಕ ಬಂದರು. ಮೊಣಕಾಲು ನೋವು ಎಂದು ಹೇಳಿ ಚಹಾ ಕುಡಿಸಿ ಕಳಿಸಿದರು. ಮೊಣಕಾಲಿಗೆ ಏನೂ ಆಗಿರಲಿಲ್ಲ.

ಕಂಬದ ಬುಡದಲ್ಲಿ ಕೂಡುತ್ತಿದ್ದ ವಿಷಯ ನನ್ನೊಳಗೇ ಉಳಿಯಿತು. ಡಾಕ್ಟರ ಮಾತು ನನಗೆ ತಿಳಿದಿತ್ತು, ಆದರೂ ತಾಟು ತೊಳೆಯುವಾಗ, ಮಗಳ ತಲೆ ಬಾಚುವಾಗ ಅದೇ ಕೊರೆಯುತ್ತಿತ್ತು. ಒಂದು ವರ್ಷ ಕಳೆದ ಮೇಲೆ ಒಂದು ಮುಂಜಾನೆ, ಅವರು ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ, ತಡೆಯಲಾರದೆ ಹೇಳಿಬಿಟ್ಟೆ. ನೀವು ತೋರಿಸಿದ ಬೇವಿನ ಗಿಡದ ಕೆಳಗೆ ನಾವು ಒಂದು ದಿನವೂ ಕೂಡಲಿಲ್ಲ ಎಂದೆ.

ಅವರು ಬಾಗಿದ್ದ ತಲೆ ಎತ್ತಲಿಲ್ಲ.

"ಗೊತ್ತದ," ಎಂದರು. "ರೈಡ್ ಹೊಡದು ಬಂದಾಗೆಲ್ಲ ಆ ಕಂಬದ ಕಡೀಗೇ ನೋಡತಿದ್ದೆ. ಎಬ್ಬಿಸಿ ಹಿಂದ ಕಳಸಬೇಕಿತ್ತು. ನೀವಿಬ್ಬರೂ ಕಾಣಬೇಕಂತ ಸುಮ್ಮನಾದೆ."

ಅಷ್ಟು ಹೇಳಿ ಹೊರಟುಹೋದರು. ಆಮೇಲೆ ನಾವಿಬ್ಬರೂ ಅದನ್ನು ಎತ್ತಲಿಲ್ಲ.

ಈಗ ಮಗಳಿಗೆ ಎಂಟು ವರ್ಷ. ಕಿವಿ ಕೇಳದ ಮಕ್ಕಳ ಶಾಲೆಗೆ ಹೋಗುತ್ತಾಳೆ, ಕೈಸನ್ನೆಯಲ್ಲಿ ನಮ್ಮಿಬ್ಬರಿಗಿಂತ ಜೋರು. ಹೋದ ಚಳಿಗಾಲದಲ್ಲಿ ಅತ್ತೆಯನ್ನು ನೋಡಲು ಕಮಲಾಪುರಕ್ಕೆ ಹೋದಾಗ ಮೈದಾನದಲ್ಲಿ ಆಟ ನಡೆದಿತ್ತು. ಗಂಡ ಬೇರೆ ದಾರಿ ಹಿಡಿಯಹೋದರು. ಮಗಳು ಅವರ ಕೈ ಎಳೆದುಕೊಂಡು ಜನರ ನಡುವೆ ನುಗ್ಗಿ ಗೆರೆಯ ಹತ್ತಿರ ನಿಂತಳು. ಸ್ವಲ್ಪ ಹೊತ್ತು ನೋಡಿ ಅಪ್ಪನ ಕಡೆ ತಿರುಗಿ ಸನ್ನೆ ಮಾಡಿದಳು: ಒಬ್ಬನೇ ಹೋದವನು ಬಾಯಿ ಆಡಿಸುತ್ತಲೇ ಇದ್ದಾನಲ್ಲ, ಯಾರ ಜೊತೆ ಮಾತಾಡುತ್ತಿದ್ದಾನೆ? ಎದುರಿನವರೇಕೆ ಉತ್ತರ ಕೊಡುತ್ತಿಲ್ಲ?

ಅವರ ಕೈಗಳಿಗೆ ಆ ಉತ್ತರದ ಸನ್ನೆ ಗೊತ್ತಿರಲಿಲ್ಲ. ಮಂಡಿಯೂರಿ ಕೂತು, ಅವಳ ಅಂಗೈಯನ್ನು ತಮ್ಮ ಗಂಟಲ ಮೇಲೆ ಇಟ್ಟುಕೊಂಡು, ಕಬಡ್ಡಿ ಕಬಡ್ಡಿ ಎನ್ನತೊಡಗಿದರು. ಆಟ ಬಿಟ್ಟ ಮೇಲೆ ಇಷ್ಟು ವರ್ಷಗಳಲ್ಲಿ ಅವರ ಬಾಯಲ್ಲಿ ಆ ಶಬ್ದ ನಾನು ಕೇಳಿರಲಿಲ್ಲ. ಉಸಿರು ಬೇಗ ಮುಗಿಯಿತು. ಮಗಳು ಕೈ ತೆಗೆಯಲಿಲ್ಲ, ಇನ್ನೂ ಬರಲಿ ಎಂದು ಕಾದಳು. ಅವರು ಇನ್ನೊಮ್ಮೆ ಉಸಿರು ತುಂಬಿಕೊಳ್ಳಲು ಹೋದರು, ಆಗಲಿಲ್ಲ. ಅವಳ ಕೈಯನ್ನು ಹಾಗೇ ಹಿಡಿದುಕೊಂಡು ಮುಖ ಅತ್ತ ತಿರುಗಿಸಿದರು.