ಉಚ್ಚಮ್ಮ ಕೇಳಿ ಪಡೆದ ಒಂದು ತಾಸು

ಆದೋನಿಯ ರೈಲು ಗೇಟಿನ ಪಕ್ಕದಲ್ಲೇ ಸಿದ್ದಬಸಪ್ಪ ಸಾವ್ಕಾರರ ಹತ್ತಿ ಜಿನ್ನು ಇತ್ತು. ಮೂವತ್ತೆಂಟನೇ ಇಸವಿಯ ಸುಗ್ಗಿಯಲ್ಲಿ ಅಲ್ಲಿ ನಲವತ್ತು ಮಂದಿ ಹೆಣ್ಣಾಳುಗಳಿದ್ದರು. ಯಂತ್ರದ ಬಾಯಿಗೆ ಹತ್ತಿ ಉಣಿಸುವುದು ಅವರ ಕೆಲಸ. ಬೀಜ ಒಂದು ಕಡೆ ಉದುರಿದರೆ ಅರಳೆ ಇನ್ನೊಂದು ಕಡೆ ಹಾರುತ್ತಿತ್ತು. ಸಂಜೆ ಹೊರಗೆ ಬರುವಾಗ ಹದಿನೆಂಟರ ಹುಡುಗಿಯ ಹುಬ್ಬೂ ಮುದುಕಿಯ ಹುಬ್ಬಿನಂತೆ ಬೆಳ್ಳಗಾಗಿರುತ್ತಿತ್ತು. ಆ ಬಿಳಿ ಗುಂಪಿನಲ್ಲಿ ನಂದವರಂ ಕಡೆಯ ಉಚ್ಚಮ್ಮನನ್ನು ದನಿಯಿಂದಲೇ ಗುರುತು ಹಿಡಿಯಬಹುದಿತ್ತು. ಕುರಿ ಸಾಕುವ ಮನೆತನದವಳು. ಬಯಲಾಚೆಯ ಮಂದೆಯನ್ನು ಕೂಗಿ ಕರೆದು ಬೆಳೆದ ಗಂಟಲು. ಯಂತ್ರದ ಗದ್ದಲ ಅದರ ಮುಂದೆ ಏನೂ ಅಲ್ಲ.

ಆಕೆಯ ಪಕ್ಕದ ಯಂತ್ರದಲ್ಲಿ ಗಿಡ್ಡಮ್ಮ ಕೆಲಸ ಮಾಡುತ್ತಿದ್ದಳು, ಐದು ತಿಂಗಳ ಕೂಸಿನ ತಾಯಿ. ಹನ್ನೆರಡಕ್ಕೆ ಎಂಜಿನ್ನು ಊಟದ ಕೂಗು ಹಾಕಿದ ಕೂಡಲೇ ಬೆಟ್ಟದ ಬುಡದ ಮನೆಗೆ ಓಡಿ, ಕೂಸಿಗೆ ಹಾಲುಣಿಸಿ ಮತ್ತೆ ಓಡಿ ಬರುತ್ತಿದ್ದಳು. ಅಷ್ಟರಲ್ಲಿ ಕೆಲಸದ ಕೂಗು ಆಗಿಹೋಗಿರುತ್ತಿತ್ತು. ಬಾಗಿಲಲ್ಲಿ ನಿಂತ ಮೇಸ್ತ್ರಿ ಭೀಮಲಿಂಗಪ್ಪ ಅರ್ಧ ದಿನದ ಕೂಲಿ ಹಿಡಿದುಬಿಡುತ್ತಿದ್ದ. ಮೂರನೇ ಸಲ ಹೀಗಾದಾಗ ಗಿಡ್ಡಮ್ಮ ಅತ್ತೇಬಿಟ್ಟಳು.

"ಕೂಸಿನ ಬಾಯಾಗಿಂದ ಎದಿ ಕಿತ್ಕೊಂಡು ಓಡಿ ಬರ್ತೀನಕ್ಕಾ. ಆದ್ರೂ ಹೊತ್ತು ಸಾಲವಲ್ದು."

ಉಚ್ಚಮ್ಮ ಮರುದಿನ ಗುಮಾಸ್ತ ಗುರುಪಾದಯ್ಯನ ಕಿಟಕಿಯ ಹತ್ತಿರ ಹೋಗಿ ನಿಂತಳು. ಕೋಣೆಯ ಹೊರಗೋಡೆಗೆ ಒಂದು ಅಚ್ಚಿನ ಕಾಗದ ಅಂಟಿಸಿತ್ತು.

"ಅಯ್ನೋರ, ಉಣ್ಣಾಕ ಎಷ್ಟು ಹೊತ್ತಂತ ಬರದೈತಿ ಇದರಾಗ?"

ಗುರುಪಾದಯ್ಯ ಅತ್ತಿತ್ತ ನೋಡಿ ದನಿ ಇಳಿಸಿದ. "ಒಂದು ತಾಸು. ಸರಕಾರದ ಕಾಯಿದೆ ಐತವ್ವ. ಅಚ್ಚಿನ ನಡುವಿನ ಖಾಲಿ ಜಾಗದಾಗ ಹನ್ನೆರಡರಿಂದ ಒಂದು ಅಂತ ನಾನ ಕೈಯಾರ ಬರದೀನಿ. ನನ್ನ ಹೆಸರು ಮಾತ್ರ ಹೇಳಬ್ಯಾಡ."

ಹಾಗಾದರೆ ಮೇಸ್ತ್ರಿ ಎಷ್ಟು ಹೊತ್ತಿಗೆ ಕೂಗು ಹಾಕಿಸುತ್ತಿದ್ದಾನೆ? ಹೆಣ್ಣಾಳುಗಳ ಹತ್ತಿರ ಗಡಿಯಾರ ಎಲ್ಲಿಂದ ಬರಬೇಕು! ಉಚ್ಚಮ್ಮನಿಗೆ ರೈಲು ಗೇಟು ಕಾಯುವ ದಸ್ತಗಿರಿ ನೆನಪಾದ. ಅವನ ಗುಡಿಸಲಲ್ಲಿ ರೈಲ್ವೆಯವರು ಕೊಟ್ಟ ಗಡಿಯಾರವಿತ್ತು.

"ಫಿಕರ್ ಮಾಡಬ್ಯಾಡಕ್ಕಾ," ಅಂದ ದಸ್ತಗಿರಿ. "ಹನ್ನೆರಡಕ್ಕ ಗೇಟಿನ ಕಂಬಕ್ಕ ನನ್ನ ಟವಲ್ ಹಾಕ್ತೀನಿ. ಒಂದು ಹೊಡದ್ರ ತೆಗೀತೀನಿ. ನೀವು ಬೇವಿನ ಗಿಡದ ಕೆಳಗ ಕುಂತು ನೋಡ್ರಿ."

ಮೂರು ದಿನ ನೋಡಿದರು. ಮೂರು ದಿನವೂ ಟವಲು ಕಂಬದ ಮೇಲಿರುವಾಗಲೇ ಕೂಗು ಆಯಿತು. ದಸ್ತಗಿರಿಯ ಗಡಿಯಾರದ ಲೆಕ್ಕದಲ್ಲಿ ಅರ್ಧ ತಾಸು ಮೇಸ್ತ್ರಿಯ ಪಾಲಾಗುತ್ತಿತ್ತು.

ನಾಲ್ಕನೇ ದಿನ ಕೂಗಾದಾಗ ಉಚ್ಚಮ್ಮ ಏಳಲಿಲ್ಲ. ಕೆಲವರು ಅರ್ಧ ಎದ್ದು ಆಕೆಯ ಮುಖ ನೋಡಿ ಕೂತರು, ಮತ್ತೆ ಎದ್ದರು, ಮತ್ತೆ ಕೂತರು. ಒಳಗೆ ಯಂತ್ರಗಳು ಬರಿಹೊಟ್ಟೆಯಲ್ಲಿ ಗಡಗಡ ಅನ್ನತೊಡಗಿದವು.

ಭೀಮಲಿಂಗಪ್ಪ ಓಡಿ ಬಂದ. "ಏಳ್ರಿ, ಏಳ್ರಿ ಲಗೂನ! ಏನಿದು, ಬೀಗರ ಮನಿ ಊಟೇನು?"

"ರೊಟ್ಟಿ ಗಟ್ಟಿ ಅದಾವಪ್ಪ ಮೇಸ್ತ್ರಿ, ಅಗೀಬೇಕಲ್ಲ," ಅಂದಳು ಉಚ್ಚಮ್ಮ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಆಕೆಯ ದನಿ ಗಟ್ಟಿಯಾಗಿಯೇ ಇತ್ತು. ಆದರೆ ಕೆಲಸ ಹೋದರೆ ಊರಿಗೆ ಮರಳಿ ಶೇಂಗಾ ಕೀಳುವುದೇ ಗತಿ ಎಂದು ಆಕೆಗೂ ಗೊತ್ತಿತ್ತು.

ಎಂಜಿನ್ನು ದಂಡಕ್ಕೆ ಓಡುವ ಸದ್ದು ಕೇಳಿ ಸಾವ್ಕಾರರೇ ಹೊರಗೆ ಬಂದರು. "ಯಾರು ಕುಂದ್ರಂದಾರ ನಿಮಗ?"

"ನಿಮ್ಮ ಗ್ವಾಡಿ ಮ್ಯಾಗಿನ ಕಾಗದ ಅಂದೈತ್ರಿ ಸಾವ್ಕಾರ್ರ."

"ಅದು ಬಳ್ಳಾರಿ ಫ್ಯಾಕ್ಟರಿ ಇನ್ಸ್‌ಪೆಕ್ಟರು ಬಂದಾಗ ನೋಡಾಕ ಹಚ್ಚಿದ್ದು."

"ನೋಡಾಕ ಹಚ್ಚಿದ್ರ ಓದಾಕೂ ಬರತೈತಲ್ರಿ. ಒಂದು ಸಲ ಎಲ್ಲಾರ ಮುಂದ ಓದಸ್ರಿ."

ಸಾವ್ಕಾರರು ಗುಮಾಸ್ತನ ಕಡೆ ಕೈ ಮಾಡಿದರು. ಗುರುಪಾದಯ್ಯ ಮೊದಲ ಸಾಲು ಓದುವಾಗ ಅವನ ದನಿ ಅವನಿಗೇ ಕೇಳಿಸುತ್ತಿರಲಿಲ್ಲ. ಅದೇನಾಯಿತೋ, "ಹನ್ನೆರಡರಿಂದ ಒಂದರವರೆಗೆ ವಿಶ್ರಾಂತಿ" ಎಂಬಲ್ಲಿಗೆ ಬಂದಾಗ ಗಂಟಲು ತೆರೆಯಿತು. ಕೆಳಗಿನ ರುಜುವನ್ನೂ ಬಿಡದೆ ಓದಿದ. ಅದು ಸಾವ್ಕಾರರದೇ.

ಸಿದ್ದಬಸಪ್ಪ ಜೇಬಿನ ಗಡಿಯಾರ ತೆಗೆದು ನೋಡಿದರು. ಒಂದಕ್ಕೆ ಇನ್ನೂ ಹತ್ತು ನಿಮಿಷ. ತಮ್ಮ ರುಜು ಬಿದ್ದ ಮೇಲೆ ತಾವೇ ಇಲ್ಲ ಅನ್ನುವಂತಿಲ್ಲ. ಒಳಗೆ ಹೋದರೆ ಸೋತಂತೆ. ಬಿಸಿಲಲ್ಲಿ ನಿಂತರು. ಉಚ್ಚಮ್ಮ ಸರಿದು ಜಾಗ ಮಾಡಿದಳು. "ನೆಳ್ಳಿಗೆ ಬರ್ರಿ, ಹತ್ತು ನಿಮಿಷ ಬಾಳ ಉದ್ದ ಇರತಾವ." ಸಾವ್ಕಾರರಿಗೆ ಸಿಟ್ಟಿನ ಜೊತೆಗೆ ನಗುವೂ ಬಂತು. ಬೇವಿನ ನೆರಳಿಗೆ ಬಂದು ನಿಂತರು.

ಗೇಟಿನ ಕಂಬದಿಂದ ಟವಲು ಇಳಿಯಿತು. ಯಾರೂ ಹೇಳದೆ ನಲವತ್ತು ಮಂದಿಯೂ ಒಟ್ಟಿಗೆ ಎದ್ದು, ಸೀರೆ ಕೊಡವಿ ಒಳಗೆ ನಡೆದರು. ಸಾವ್ಕಾರರು ಕೈಯಲ್ಲಿದ್ದ ಗಡಿಯಾರ ನೋಡಿದರು. ಸರಿಯಾಗಿ ಒಂದು. ಹೊತ್ತು ಕದಿಯುವ ಮಂದಿ ಇವರಲ್ಲ ಎಂದು ಆಗ ಅನ್ನಿಸಿರಬೇಕು. ಅಂದು ಸಂಜೆ ಮೇಸ್ತ್ರಿಯನ್ನು ಕರೆದು, ನಾಳೆಯಿಂದ ಕಾಗದದಲ್ಲಿ ಇದ್ದಂತೆ ಕೂಗು ಹಾಕಿಸು ಅಂದರು. ಗಿಡ್ಡಮ್ಮನ ಹಿಡಿದ ಕೂಲಿಯೂ ಆ ವಾರವೇ ಕೈಗೆ ಬಂತು.

ಆಮೇಲೆ ಬೇರೆ ಜಿನ್ನುಗಳ ಹೆಂಗಸರು ಉಚ್ಚಮ್ಮನನ್ನು ಹುಡುಕಿಕೊಂಡು ಬರತೊಡಗಿದರು. ಆಕೆ ಗುರುಪಾದಯ್ಯನಿಂದ ಕಾಗದದ ಸಾಲುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು: ಸಂಜೆ ಏಳರ ನಂತರ ಹೆಂಗಸರಿಗೆ ಕೆಲಸವಿಲ್ಲ, ವಾರಕ್ಕೊಂದು ದಿನ ರಜ. ಕೇಳಿದವರಿಗೆಲ್ಲ ಒಪ್ಪಿಸುತ್ತಿದ್ದಳು. ಗುಮಾಸ್ತನೂ ಅಷ್ಟರಲ್ಲಿ ತನ್ನ ಹೆಸರು ಹೇಳಿದರೂ ಪರವಾಗಿಲ್ಲ ಎನ್ನುವಷ್ಟು ಧೈರ್ಯವಂತನಾಗಿದ್ದ.

ಗಿಡ್ಡಮ್ಮ ಈಗ ಮನೆಗೆ ನಡೆದುಕೊಂಡು ಹೋಗಿ ನಡೆದುಕೊಂಡೇ ಬರುತ್ತಿದ್ದಳು. ಉಚ್ಚಮ್ಮ? ರೊಟ್ಟಿ ತಿಂದು, ಸೆರಗು ಹಾಸಿ, ಬೇವಿನ ಬುಡದಲ್ಲಿ ಗೊರಕೆ ಹೊಡೆಯುತ್ತಿದ್ದಳು. ಒಂದರ ಕೂಗಿಗೂ ಎಚ್ಚರಾಗದೆ, ಯಾರಾದರೂ ಅರಳೆಯ ಎಳೆಯಿಂದ ಮೂಗಿಗೆ ಕಚಗುಳಿ ಇಟ್ಟು ಎಬ್ಬಿಸಬೇಕಾಗುತ್ತಿತ್ತು.